ಎಸ್‌ಯುವಿ ಬೆಲೆ: ಕಂತಿನ ಮಾತಿಗೆ ಒಪ್ಪಬೇಕಾ?

ಪ್ರಶ್ನೆ: ಹೊಸ ಐಷಾರಾಮಿ ಎಸ್‌ಯುವಿ ನೋಡಿದ್ದೇನೆ. ಶೋರೂಮಿನವರು ಬೆಲೆ ಇಳಿಸಲ್ಲ, ಬೇಕಾದರೆ ತಿಂಗಳ ಕಂತು ಕಡಿಮೆ ಮಾಡಿಕೊಡ್ತೀವಿ ಅಂತಾರೆ. ಒಪ್ಪಿಕೊಳ್ಳಲಾ?

ಉತ್ತರ: ಈಗಲೇ ಒಪ್ಪಬೇಡಿ. ಸಾಲದ ಅವಧಿಯನ್ನು 5 ವರ್ಷದಿಂದ 7 ವರ್ಷಕ್ಕೆ ಎಳೆದರೆ ಕಂತು ಇಳಿಯುತ್ತೆ, ಆದರೆ ಕಾರಿನ ಬೆಲೆ ಅಷ್ಟೇ ಇರುತ್ತೆ, ನೀವು ಕಟ್ಟುವ ಒಟ್ಟು ಬಡ್ಡಿ ಜಾಸ್ತಿ ಆಗುತ್ತೆ. ಮೊದಲು ಕಾರಿನ ಪೂರ್ತಿ ಬೆಲೆ ಮಾತ್ರ ಮಾತಾಡಿ. ಸಾಲ, ಹಳೇ ಕಾರಿನ ಎಕ್ಸ್‌ಚೇಂಜ್ ಆಮೇಲೆ, ಬೇರೆ ಬೇರೆಯಾಗಿ. ಎಲ್ಲ ಒಟ್ಟಿಗೆ ಸೇರಿಸಿದರೆ ಒಂದು ಕಡೆ ಬಿಟ್ಟಿದ್ದನ್ನು ಇನ್ನೊಂದು ಕಡೆ ವಸೂಲಿ ಮಾಡಿದ್ದು ನಿಮಗೆ ಗೊತ್ತೇ ಆಗಲ್ಲ.

ಅದೇ ವೇರಿಯಂಟಿಗೆ ಮೂರು ಡೀಲರುಗಳಿಂದ ಕೊಟೇಷನ್ ಬರೆಸಿಕೊಳ್ಳಿ. ಅದರ ಕೆಳಗಿನ ಸಾಲುಗಳನ್ನು ನಿಧಾನವಾಗಿ ಓದಿ: ಪೇಂಟ್ ಕೋಟಿಂಗ್, ಮ್ಯಾಟು, ಹೆಚ್ಚುವರಿ ವಾರಂಟಿ, ಹ್ಯಾಂಡ್ಲಿಂಗ್ ಚಾರ್ಜ್. ಡೀಲರಿಗೆ ಒಳ್ಳೇ ಲಾಭ ಬರೋದು ಇಲ್ಲೇ. ನೀವು ಕೇಳದೆ ಸೇರಿಸಿದ್ದನ್ನೆಲ್ಲ ತೆಗೆಸಿ, ಸಂಕೋಚ ಬೇಡ.

ಗಾಡಿ ತಯಾರಾದ ತಿಂಗಳು, ವರ್ಷವನ್ನೂ ಕೇಳಿ. ಹೋದ ವರ್ಷದ್ದು ಸ್ಟಾಕಲ್ಲಿ ನಿಂತಿದ್ದರೆ ಸಾಗಹಾಕುವ ಅವಸರ ಅವರಿಗೇ ಇರುತ್ತೆ. ಆದರೆ ಸುಮ್ನೆ ಸಣ್ಣ ರಿಯಾಯಿತಿಗೆ ಮಣಿಯಬೇಡಿ, ಮುಂದೆ ಮಾರುವಾಗ ಆ ವರ್ಷವೇ ಲೆಕ್ಕಕ್ಕೆ ಬರುತ್ತೆ ಅಲ್ವಾ? ತಿಂಗಳ ಕೊನೆಯಲ್ಲಿ ಹೋಗಿ, ಆಗ ಅವರಿಗೆ ಟಾರ್ಗೆಟ್ ಒತ್ತಡ ಇರುತ್ತೆ.