ಕಾರು ನಡೆಸದವರ ಅಮೆರಿಕ

ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಮಗಳು ನ್ಯೂಜೆರ್ಸಿಯ ಎಡಿಸನ್‌ನಲ್ಲಿಯೂ ಮಗ ಟೆಕ್ಸಾಸ್‌ನಲ್ಲಿ ಡಲ್ಲಾಸ್‌ಗೆ ಸಮೀಪದ ಫ್ರಿಸ್ಕೊದಲ್ಲಿಯೂ ನೆಲೆಸಿದ್ದಾರೆ. ದಂಪತಿಗಳು ಈಚೆಗೆ ಎರಡೂ ಕಡೆ ಕೆಲವು ಕಾಲ ಇದ್ದು ಬಂದಿದ್ದಾರೆ. ಪತ್ರದ ಸಾರ ಇಷ್ಟು: ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಮಗಳು ಹಳೆಯದೊಂದು ಸಣ್ಣ ಮನೆಗೆ ತೆತ್ತ ಹಣದಲ್ಲಿ ಮಗ ಐದು ಮಲಗುವ ಕೋಣೆಗಳ ಹೊಸ ಮನೆಯನ್ನೇ ಕೊಂಡಿದ್ದಾನೆ, ಹಿಮ ಎತ್ತುವ ಕಷ್ಟವಿಲ್ಲ, ರಸ್ತೆಗಳು ವಿಶಾಲವಾಗಿವೆ. “ಆದ್ದರಿಂದ ನ್ಯೂಜೆರ್ಸಿಯ ಕನ್ನಡಿಗರು ಟೆಕ್ಸಾಸ್‌ಗೆ ಹೋಗುವುದೇ ಜಾಣತನವೆಂದು ತಾವು ಒಂದು ಲೇಖನ ಪ್ರಕಟಿಸಬೇಕು. ಮಗಳು ನನ್ನ ಮಾತು ಕೇಳುವುದಿಲ್ಲ, ಅಚ್ಚಾದದ್ದನ್ನು ಕೇಳಿಯಾಳು” ಎಂದು ಅವರು ಕೋರಿದ್ದಾರೆ.

ಮಾನ್ಯರೇ,

ತಮ್ಮ ಅಂಕಿಗಳು ಸರಿಯಾಗಿಯೇ ಇವೆ. ಟೆಕ್ಸಾಸ್‌ನ ಮತದಾರರು ವೈಯಕ್ತಿಕ ಆದಾಯ ತೆರಿಗೆಯನ್ನು 2019ರಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದೇ ನಿಷೇಧಿಸಿದರು. ನ್ಯೂಜೆರ್ಸಿಯಲ್ಲಿ ಅದರ ಗರಿಷ್ಠ ದರ ಶೇ. 10.75, ಆದರೆ ಅದು ಹತ್ತು ಲಕ್ಷ ಡಾಲರ್ ಮೀರಿದ ಆದಾಯಕ್ಕೆ ಮಾತ್ರ. ಆಸ್ತಿ ತೆರಿಗೆಯ ಭಾರದಲ್ಲಿ ನ್ಯೂಜೆರ್ಸಿ ದೇಶಕ್ಕೇ ಮುಂದು. 2024ರಲ್ಲಿ ಅಲ್ಲಿ ಮನೆಯೊಂದರ ಸರಾಸರಿ ವಾರ್ಷಿಕ ತೆರಿಗೆ 10,000 ಡಾಲರ್ ದಾಟಿತು. ದುಡಿಯುವ ವಯಸ್ಸಿನ ಮಗ ಇದನ್ನೆಲ್ಲ ನೋಡಿ ಟೆಕ್ಸಾಸನ್ನು ಆರಿಸಿಕೊಂಡರೆ ಅವನನ್ನು ಯಾರೂ ದೂರಲಾಗದು.

ಆದರೆ ಇಷ್ಟು ವರ್ಷ ಬ್ಯಾಂಕಿನಲ್ಲಿ ದುಡಿದ ತಾವು ಖರ್ಚಿನ ಪುಟವನ್ನೂ ಪೂರ್ತಿ ಬರೆಯಬೇಕಿತ್ತು. ಆದಾಯ ತೆರಿಗೆ ಇಲ್ಲದ ಟೆಕ್ಸಾಸ್ ತನ್ನ ಶಾಲೆಗಳನ್ನು ಬಹುಮಟ್ಟಿಗೆ ಆಸ್ತಿ ತೆರಿಗೆಯಿಂದಲೇ ನಡೆಸುತ್ತದೆ, ಹಾಗಾಗಿ ಅಲ್ಲಿಯೂ ಅದು ಹಗುರವಲ್ಲ. ಮಾರಾಟ ತೆರಿಗೆ ಊರಿನ ಪಾಲೂ ಸೇರಿ ಶೇ. 8.25ರವರೆಗೆ ಹೋಗುತ್ತದೆ, ನ್ಯೂಜೆರ್ಸಿಯಲ್ಲಿ ಶೇ. 6.625, ಬಟ್ಟೆಗಂತೂ ಇಲ್ಲವೇ ಇಲ್ಲ. ಆಲಿಕಲ್ಲಿನ ಮಳೆಗೆ ಹೆದರಿ ಮನೆಯ ವಿಮೆಗೆ ತೆರುವ ಕಂತು ದೊಡ್ಡದು. ಡಲ್ಲಾಸ್ ಸೀಮೆಯ ಮಣ್ಣು ನಮ್ಮ ಧಾರವಾಡ, ಗದಗದ ಎರೆಮಣ್ಣಿನ ಜಾತಿಯದೇ ಎಂಬುದನ್ನು ಮಗ ತಮಗೆ ಹೇಳಿರಬಹುದು. ನೀರು ಬಿದ್ದರೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಅಡಿಪಾಯ ಬಿರಿಯದಿರಲೆಂದು ಮನೆಯ ಸುತ್ತ ನೀರುಣಿಸುವ ಕೆಲಸ ಅಲ್ಲಿ ಅನೇಕರಿಗೆ ಬೇಸಿಗೆಯ ನಿತ್ಯಕರ್ಮ. ಇವೆಲ್ಲಕ್ಕಿಂತ ದೊಡ್ಡ ಖರ್ಚು ಕಾರುಗಳದು. ಮನೆಯಲ್ಲಿ ಎಷ್ಟು ಮಂದಿ ವಯಸ್ಕರೋ ಅಷ್ಟು ಕಾರು, ಅಷ್ಟು ವಿಮೆ, ಅಷ್ಟು ಸಾಲದ ಕಂತು.

ಇರಲಿ, ತೆರಿಗೆಯ ವಾದವನ್ನು ನಾನು ಬೆಳೆಸುವುದಿಲ್ಲ. ತಮ್ಮ ಪತ್ರದಲ್ಲಿ ತಾವೇ ಲಕ್ಷ್ಯ ಕೊಡದೆ ಬರೆದು ಮುಂದೆ ಹೋದ ಒಂದು ವಾಕ್ಯವಿದೆ: “ಫ್ರಿಸ್ಕೊದಲ್ಲಿ ಇವಳಿಗೆ ಹೊತ್ತು ಹೋಗುವುದು ಕೊಂಚ ಕಷ್ಟವಾಯಿತು, ಎಡಿಸನ್‌ನಲ್ಲಿ ತರಕಾರಿಗೆ ಇವಳೇ ಹೋಗಿ ಬರುತ್ತಿದ್ದಳು.” ಅಷ್ಟು ಉದ್ದದ ಪತ್ರದಲ್ಲಿ ತಮ್ಮ ಪತ್ನಿಯವರ ಪ್ರಸ್ತಾಪ ಇದೊಂದೇ. ನನ್ನ ಪಾಲಿಗೆ ಪತ್ರದ ತಿರುಳೂ ಇದೇ. ಒಂದು ಊರಿನ ದಿನನಿತ್ಯದ ಬದುಕು ಹೇಗಿದೆ ಎಂದು ತಿಳಿಯಬೇಕಾದರೆ ಅಲ್ಲಿ ಕಾರು ನಡೆಸುವವರನ್ನು ಕೇಳಿ ಪ್ರಯೋಜನವಿಲ್ಲ. ಕಾರು ನಡೆಸಲಾಗದವರನ್ನು, ಎಂದರೆ ಹತ್ತು ವರ್ಷದ ಮಗುವನ್ನು, ಎಪ್ಪತ್ತು ದಾಟಿದ ತಾಯಿಯನ್ನು, ಈಗತಾನೇ ಬಂದಿಳಿದ ಸೊಸೆಯನ್ನು ಕೇಳಬೇಕು. ಅವರು ಯಾರ ಹಂಗೂ ಇಲ್ಲದೆ ಮನೆಯಿಂದ ಹೊರಟು, ನಾಲ್ಕು ಜನರನ್ನು ಕಂಡು, ತಾವಾಗಿಯೇ ಮರಳಿ ಬರಬಲ್ಲರೇ? ಈ ಪ್ರಶ್ನೆಯನ್ನು ಈ ಪತ್ರಿಕೆಯಲ್ಲಿ ನಾನು ಹಿಂದೆಯೂ ಎತ್ತಿದ್ದೇನೆ, ಮುಂದೆಯೂ ಎತ್ತುತ್ತೇನೆ.

ನನ್ನ ಸೋದರತ್ತೆಯೊಬ್ಬರು ಹಾಸನದ ಪ್ರೌಢಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಡಲ್ಲಾಸ್‌ನ ಉತ್ತರದ ಉಪನಗರವೊಂದರಲ್ಲಿರುವ ಮಗನ ಮನೆಗೆ ಹೋದಾಗ, ಮನೆ ಎಷ್ಟು ದೊಡ್ಡದೆಂದರೆ ಒಂದು ಕೋಣೆಯಿಂದ ಕರೆದದ್ದು ಇನ್ನೊಂದಕ್ಕೆ ಕೇಳುತ್ತಿರಲಿಲ್ಲ ಎಂದು ಬರೆದಿದ್ದರು. ಬಡಾವಣೆಯ ಗೋಡೆಯ ಒಳಗೆ ಒಳ್ಳೆಯ ಕಾಲುಹಾದಿ ಇತ್ತು, ಅದರಲ್ಲಿ ಸುತ್ತು ಬರುತ್ತಿದ್ದರು. ಬಡಾವಣೆಯ ಬಾಯಿಗೆ ಬಂದರೆ ಆರು ಪಥಗಳ ರಸ್ತೆ. ಆಚೆ ಬದಿಯ ಅಂಗಡಿಯ ಫಲಕ ಕಣ್ಣಿಗೆ ಕಾಣುತ್ತಿತ್ತು, ದಾಟುವ ಜಾಗ ಮಾತ್ರ ಬಲು ದೂರ. ದೇವಸ್ಥಾನಕ್ಕೆ ಹೋಗಲು ಶನಿವಾರದವರೆಗೆ ಕಾಯಬೇಕಿತ್ತು. ನಾಲ್ಕು ದಶಕ ಸಂಸಾರವನ್ನೂ ತರಗತಿಯನ್ನೂ ಒಟ್ಟಿಗೆ ನಡೆಸಿದ ಹೆಂಗಸು ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗಾಗಿ ಮಗನ ಬಿಡುವನ್ನು ಕೇಳಬೇಕಾದದ್ದು ನನ್ನ ಮನಸ್ಸನ್ನು ಬಹಳ ನೋಯಿಸಿತು. ಮಗನ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಇದಕ್ಕೆ ಎದುರಾಗಿ, ಎಡಿಸನ್ ನಗರ ಸುತ್ತುವರಿದಿರುವ ಪುಟ್ಟ ಊರು ಮೆಟಚನ್ನನ್ನು ನೋಡಿ. ರೈಲು ನಿಲ್ದಾಣ, ಮುಖ್ಯ ಬೀದಿ, ಗ್ರಂಥಾಲಯ, ಅಂಗಡಿಗಳು ಎಲ್ಲವೂ ಕಾಲ್ನಡಿಗೆಯ ಅಳತೆಯಲ್ಲಿವೆ. ಅಲ್ಲಿ ಮಗಳ ಮನೆಯಲ್ಲಿದ್ದ ಧಾರವಾಡದ ಹಿರಿಯ ಅಧ್ಯಾಪಕರೊಬ್ಬರನ್ನು ನಾನು ಬಲ್ಲೆ. ಬೆಳಗಿನ ಜನಜಂಗುಳಿ ಕರಗಿದ ಮೇಲೆ ಒಬ್ಬರೇ ರೈಲು ಹತ್ತಿ, ಸುಮಾರು ಒಂದು ಗಂಟೆಯಲ್ಲಿ ನ್ಯೂಯಾರ್ಕ್ ಸೇರಿ, ಅಲ್ಲಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಓದಿ, ಸಂಜೆಗೆ ಮೊಮ್ಮಗ ಶಾಲೆಯಿಂದ ಬರುವ ಹೊತ್ತಿಗೆ ಮರಳುತ್ತಿದ್ದರು. 62 ವರ್ಷ ತುಂಬಿದವರಿಗೆ ರಾಜ್ಯದ ಸಾರಿಗೆ ನಿಗಮವಾದ ನ್ಯೂಜೆರ್ಸಿ ಟ್ರಾನ್ಸಿಟ್‌ನ ರೈಲುಗಳಲ್ಲಿ ರಿಯಾಯಿತಿ ದರವಿದೆ. ಅವರಿಗೆ ಅಮೆರಿಕದ ಚಾಲನಾ ಪರವಾನಗಿ ಇರಲಿಲ್ಲ, ಬೇಕೂ ಆಗಲಿಲ್ಲ.

ನ್ಯೂಜೆರ್ಸಿಯ ಎಲ್ಲ ಊರುಗಳೂ ಹೀಗಿಲ್ಲ. ಫುಟ್‌ಪಾತ್ ಇಲ್ಲದ ಬಡಾವಣೆಗಳು ಅಲ್ಲಿಯೂ ಉಂಟು, ರೈಲು ತಡವಾಗುವುದೂ ಉಂಟು, ಜನವರಿಯ ಮಂಜುಗಡ್ಡೆಯ ಮೇಲೆ ವಯಸ್ಸಾದವರು ಕಾಲಿಡಲಾರರು. ಆದರೆ ಬೇಸಿಗೆಯ ಡಲ್ಲಾಸ್‌ನಲ್ಲಿ ನಡೆಯುವುದೂ ಕಷ್ಟವೇ. 2011ರಲ್ಲಿ ಅಲ್ಲಿ 71 ದಿನ ಉಷ್ಣಾಂಶ ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಹವೆ ಯಾರ ಕೈಯಲ್ಲೂ ಇಲ್ಲ. ಬೀದಿ, ಬಸ್ಸು, ರೈಲು ಮಾತ್ರ ಮನುಷ್ಯರೇ ಆರಿಸಿಕೊಂಡವು, ಆ ಆಯ್ಕೆ ಹೇಗೆ ನಡೆಯಿತೆಂಬುದನ್ನು ತಾವು ತಿಳಿಯಬೇಕು.

ನ್ಯೂಜೆರ್ಸಿಯ ಎಷ್ಟೋ ಊರುಗಳು ಕಾರು ಹುಟ್ಟುವ ಮೊದಲೇ, ಹತ್ತೊಂಬತ್ತನೆಯ ಶತಮಾನದಲ್ಲಿ, ರೈಲು ನಿಲ್ದಾಣಗಳ ಸುತ್ತ ಬೆಳೆದವು. ಖಾಸಗಿ ರೈಲು ಕಂಪನಿಗಳು ಸೋತು ಕೈಬಿಟ್ಟಾಗ ರಾಜ್ಯವೇ 1979ರಲ್ಲಿ ಈ ಸಾರಿಗೆ ನಿಗಮವನ್ನು ಸ್ಥಾಪಿಸಿ, ಮುಂದೆ ರೈಲುಗಳನ್ನೂ ಬಸ್ಸುಗಳನ್ನೂ ತಾನೇ ನಡೆಸಲು ಮುಂದಾಯಿತು. ಗುರುತು ಹಾಕಿದ ಜಾಗದಲ್ಲಿ ಜನ ರಸ್ತೆ ದಾಟುತ್ತಿದ್ದರೆ ವಾಹನ ನಿಧಾನಿಸಿದರೆ ಸಾಲದು, ಪೂರ್ತಿ ನಿಲ್ಲಲೇಬೇಕೆಂಬ ಕಾನೂನು 2010ರಿಂದ ಅಲ್ಲಿದೆ. ಊರಿನ ಗ್ರಂಥಾಲಯಕ್ಕೆ ಆಸ್ತಿ ಮೌಲ್ಯದ ಪ್ರತಿ 1,000 ಡಾಲರಿಗೆ 33 ಸೆಂಟಿನಷ್ಟಾದರೂ ಕೊಡಬೇಕೆಂಬ ನಿಯಮವೂ ಇದೆ. ಮಗಳು ತೆರುವ ದುಬಾರಿ ತೆರಿಗೆ ಹೀಗೆಲ್ಲ ಮರಳಿ ಅವಳ ಬೀದಿಗೆ ಬರುತ್ತದೆ, ಮತ್ತು ಅವಳ ಮನೆಗೆ ಬಂದ ತಮ್ಮ ಪತ್ನಿಗೂ ಸಲ್ಲುತ್ತದೆ.

ಫ್ರಿಸ್ಕೊದ ಕಥೆ ಬೇರೆ. 2000ದಲ್ಲಿ ಅಲ್ಲಿ ಇದ್ದವರು 34,000ಕ್ಕೂ ಕಡಿಮೆ. 2020ರ ಜನಗಣತಿಯಲ್ಲಿ ಎರಡು ಲಕ್ಷ ಮೀರಿದರು. ಡಲ್ಲಾಸ್ ಮತ್ತು ಸುತ್ತಲಿನ ಹಲವು ಊರುಗಳು ಸೇರಿ 1983ರಲ್ಲಿ ಡಾರ್ಟ್ ಎಂಬ ಸಾರಿಗೆ ಸಂಸ್ಥೆಯನ್ನು ಕಟ್ಟಿಕೊಂಡವು. ಪ್ರತಿ ಡಾಲರ್ ಮಾರಾಟದ ಮೇಲೆ ಒಂದು ಸೆಂಟನ್ನು ಸದಸ್ಯ ಊರುಗಳು ಅದಕ್ಕೆ ಕೊಡಬೇಕು. ಟೆಕ್ಸಾಸ್ ಕಾನೂನಿನಂತೆ ಸ್ಥಳೀಯ ಮಾರಾಟ ತೆರಿಗೆ ಒಟ್ಟು ಎರಡು ಸೆಂಟನ್ನು ಮೀರುವಂತಿಲ್ಲ, ಊರಿನ ಸ್ವಂತ ಖರ್ಚಿಗೆ ಒಂದು ಹೋದರೆ ಉಳಿಯುವುದು ಒಂದೇ ಸೆಂಟು. ಫ್ರಿಸ್ಕೊ ಡಾರ್ಟ್ ಸೇರಲಿಲ್ಲ. ತನ್ನ ಆ ಒಂದು ಸೆಂಟನ್ನು ಎರಡು ಅಭಿವೃದ್ಧಿ ನಿಗಮಗಳಿಗೆ ಅರ್ಧರ್ಧ ಹಂಚಿ, ಉದ್ಯಮಗಳನ್ನೂ ಕ್ರೀಡಾ ಸಂಸ್ಥೆಗಳನ್ನೂ ಕರೆತಂದಿತು. 2016ರಲ್ಲಿ ಡಲ್ಲಾಸ್ ಕೌಬಾಯ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಕೇಂದ್ರ ಕಚೇರಿ ಅಲ್ಲಿಗೆ ಬಂದಿತು. ಊರು ಶ್ರೀಮಂತವಾಯಿತು, ಅದನ್ನು ಅಲ್ಲಗಳೆಯಲಾಗದು. 2023ರಲ್ಲಿ ಅಲ್ಲಿ ತೆರೆದ ಭವ್ಯವಾದ ಗ್ರಂಥಾಲಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅಲ್ಲಿಗೆ ಹೋಗಲು ತಮ್ಮ ಪತ್ನಿಗೆ ಮಗನ ಕಾರೇ ಬೇಕು. ಅರ್ಹ ವೃದ್ಧರಿಗೂ ಅಂಗವಿಕಲರಿಗೂ ಮುಂಗಡ ಕಾದಿರಿಸಿದರೆ ಬರುವ ವಾಹನ ಸೇವೆಯೊಂದಿದೆ; ಮನಸ್ಸು ಬಂದಾಗ ಎದ್ದು ಹೊರಡುವ ಸ್ವಾತಂತ್ರ್ಯ ಅದರಿಂದ ಸಿಗುವುದಿಲ್ಲ. ಡಲ್ಲಾಸ್‌ನ ಇನ್ನೊಂದು ಬದಿಯ ಆರ್ಲಿಂಗ್ಟನ್ ಸುಮಾರು ನಾಲ್ಕು ಲಕ್ಷ ಜನರ ಊರು. ಬಸ್ಸಿಗಾಗಿ ತೆರಿಗೆ ಹಾಕುವ ಪ್ರಸ್ತಾಪವನ್ನು ಅಲ್ಲಿಯ ಮತದಾರರು ಮತ್ತೆ ಮತ್ತೆ ತಿರಸ್ಕರಿಸಿದರು. ಹೂಸ್ಟನ್‌ನ ಕೇಟಿ ಫ್ರೀವೇ ಕೆಲವೆಡೆ ಪಕ್ಕದ ರಸ್ತೆಗಳೂ ಸೇರಿ 26 ಪಥಗಳಷ್ಟು ಅಗಲವಿದ್ದರೂ ದಟ್ಟಣೆ ಅಲ್ಲಿಂದ ಹೋಗಲಿಲ್ಲ. ತಾವು ಮೆಚ್ಚಿದ ವಿಶಾಲ ರಸ್ತೆಗಳ ಪರಿಣಾಮ ಇದು.

ನನಗೆ ಇನ್ನೂ ಹೆಚ್ಚು ಸಂಕಟವಾಗುವುದು ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ. ಗಂಡನ ಎಚ್-1ಬಿ ಎಂಬ ಉದ್ಯೋಗ ವೀಸಾದ ಆಧಾರದ ಮೇಲೆ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಹೋದವರಲ್ಲಿ ಕೆಲವರಿಗೆ ಮಾತ್ರ, ಅದೂ 2015ರಿಂದ ಈಚೆಗೆ, ಕೆಲಸ ಮಾಡುವ ಅನುಮತಿ ಸಿಕ್ಕಿದೆ. ಉಳಿದವರು ಎಂಜಿನಿಯರಿಂಗ್ ಓದಿದವರಾಗಿದ್ದರೂ ಮನೆಯಲ್ಲಿರಬೇಕು. ಅಂಥವಳಿಗೆ ಎರಡನೆಯ ಕಾರೂ ಇಲ್ಲದಿದ್ದರೆ ಆ ಐದು ಕೋಣೆಗಳಲ್ಲಿ ಅವಳು ಹಗಲನ್ನು ಹೇಗೆ ಕಳೆಯುತ್ತಾಳೆಂದು ಹೆಣ್ಣು ಕೊಡುವಾಗ ನಾವು ಯಾರೂ ಕೇಳುವುದಿಲ್ಲ. ಸಂಬಳ ಕೇಳುತ್ತೇವೆ, ಮನೆಯ ಬೆಲೆ ಕೇಳುತ್ತೇವೆ. ಅಮೆರಿಕದಿಂದ ಮರಳಿದ ಹಿರಿಯರು ಬರೆದು ಕಳಿಸುವ ಲೇಖನಗಳು ನಮ್ಮ ಕಚೇರಿಗೆ ವರ್ಷವಿಡೀ ಬರುತ್ತವೆ. ಕೋಣೆಗಳ ಸಂಖ್ಯೆ, ಅಡುಗೆಮನೆಯ ಕಲ್ಲು, ಗ್ಯಾರೇಜಿನ ಅಗಲ ಅವುಗಳಲ್ಲಿ ತಪ್ಪದೆ ಇರುತ್ತವೆ. ಸಂಜೆ ಯಾರೊಡನೆ ಮಾತನಾಡಿದರೆಂಬುದು ಇರುವುದಿಲ್ಲ. ತಾವು ವಿವೇಕಿಗಳು, ಪತ್ರದ ಭಾಷೆಯೇ ಅದನ್ನು ಹೇಳುತ್ತದೆ. ಆದ್ದರಿಂದಲೇ ತಾವೂ ಅದೇ ಅಳತೆಗೋಲನ್ನು ಹಿಡಿದದ್ದು ನನಗೆ ಬೇಸರ ತಂದಿತು.

ತಾವು ಕೋರಿದ ಲೇಖನವನ್ನು ನಾನು ಪ್ರಕಟಿಸಲಾರೆ. ಮಗಳು ಎಡಿಸನ್‌ನಲ್ಲಿಯೇ ಇರಲಿ. ಮಗ ಫ್ರಿಸ್ಕೊ ಬಿಡಬೇಕೆಂದೂ ನಾನು ಹೇಳುತ್ತಿಲ್ಲ, ಏಕೆಂದರೆ ಟೆಕ್ಸಾಸ್‌ನಲ್ಲಿಯೂ ಗಾಳಿ ತಿರುಗುತ್ತಿದೆ. ಪ್ರತಿ ಕಟ್ಟಡಕ್ಕೂ ಇಷ್ಟು ಕಾರು ನಿಲ್ಲುವ ಜಾಗ ಇರಲೇಬೇಕೆಂಬ ಹಳೆಯ ನಿಯಮವನ್ನು ಆಸ್ಟಿನ್ ನಗರಸಭೆ 2023ರ ನವೆಂಬರಿನಲ್ಲಿ ತೆಗೆದುಹಾಕಿತು. ನಮ್ಮವರಿಗೆ ಸಂಘಟನೆಯ ಬಲವೂ ಇದೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ 2016ರಲ್ಲಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿಯೂ 2018ರಲ್ಲಿ ಡಲ್ಲಾಸ್‌ನಲ್ಲಿಯೂ ನಡೆದದ್ದು ತಮಗೆ ಗೊತ್ತಿದೆ. ಫ್ರಿಸ್ಕೊ ನಗರಸಭೆಯ ಸಭೆಗಳಲ್ಲಿ ನಿವಾಸಿಗಳಿಗೆ ಮಾತನಾಡಲು ಅವಕಾಶವಿದೆ. ತಮ್ಮ ಮಗ ನೆರೆಯ ನಾಲ್ಕು ಕುಟುಂಬಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಬಡಾವಣೆಯ ಬಾಯಿಯಲ್ಲಿ ರಸ್ತೆ ದಾಟಲು ಒಂದು ಸಿಗ್ನಲ್ ಬೇಕೆಂದು ಕೇಳಲಿ. ಕೇಳುವಾಗ ತನ್ನ ತಾಯಿ ಅಲ್ಲಿ ಕಳೆದ ದಿನಗಳು ಹೇಗಿದ್ದವೆಂಬುದನ್ನೂ ಆ ಸಭೆಗೆ ತಿಳಿಸಲಿ.

ಸಂಪಾದಕ