ನಾಲ್ಕು ವರ್ಷದ ಮಗುವಿಗೂ ನನಗೂ ಗಿಡ, ಪ್ರಕೃತಿ ಬಗ್ಗೆ ಯಾವ ಪುಸ್ತಕ ಓದಬಹುದು?

ಈಗಷ್ಟೇ ಕುಂಡದಲ್ಲಿ ಗಿಡ ಬೆಳೆಸಲು ಶುರು ಮಾಡಿದ್ದೀರಿ, ಮಗುವಿಗೂ ನಿಮಗೂ ಆಗುವಂಥ ಪುಸ್ತಕ ಬೇಕು ಅಂತ ಕೇಳಿದ್ದೀರಿ. ನನ್ನ ಮಗಳು ಅದೇ ವಯಸ್ಸಿನಲ್ಲಿದ್ದಾಗ ನಾನೂ ಇದನ್ನೇ ಹುಡುಕಿದ್ದೆ. ನನಗೆ ಗೊತ್ತಾಗಿದ್ದು ಇಷ್ಟು: ಮಕ್ಕಳಿಗೆ ಹೂವಿನ ಹೆಸರು ಕಲಿಸುವ ಪುಸ್ತಕಕ್ಕಿಂತ ಕಾಯುವುದನ್ನು ತೋರಿಸುವ ಕಥೆ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಅದಕ್ಕೇ ಮೊದಲು 'ದಿ ಕ್ಯಾರೆಟ್ ಸೀಡ್' ತನ್ನಿ. ರೂತ್ ಕ್ರೌಸ್ ಬರೆದದ್ದು, 1945ರಲ್ಲಿ ಬಂತು. ಒಬ್ಬ ಹುಡುಗ ಕ್ಯಾರೆಟ್ ಬೀಜ ಹಾಕುತ್ತಾನೆ. ಅಪ್ಪ, ಅಮ್ಮ, ಅಣ್ಣ ಎಲ್ಲರೂ ಅದು ಹುಟ್ಟಲ್ಲ ಅಂತಾರೆ. ಅವನು ಸುಮ್ನೆ ದಿನಾ ಕಳೆ ಕಿತ್ತು ನೀರು ಹಾಕುತ್ತಾನೆ. ಒಂದೊಂದು ಪುಟದಲ್ಲೂ ಒಂದೆರಡೇ ಸಾಲು. ಮಗಳು ಇದನ್ನು ಕೇಳಿ ತಾನೂ ಕ್ಯಾರೆಟ್ಟೇ ಹಾಕಬೇಕು ಅಂತ ಹಟ ಹಿಡಿದಳು. ಹಾಕಿದೆವು. ಕ್ಯಾರೆಟ್ ಮೊಳೆಯಲು ಎರಡು ಮೂರು ವಾರವೂ ಬೇಕಾಗುತ್ತದೆ. ಅವಳು ಐದನೇ ದಿನಕ್ಕೇ ಮಣ್ಣು ಕೆದಕಿ ನೋಡಿದಳು, ಬೀಜ ಸಿಗಲಿಲ್ಲ, ಅತ್ತಳು. ಆಮೇಲೆ ಗಾಜಿನ ಲೋಟದ ಒಳಗೆ ಒದ್ದೆ ಬಟ್ಟೆ ಇಟ್ಟು, ಬಟ್ಟೆಗೂ ಗಾಜಿಗೂ ನಡುವೆ ಹುರುಳಿಕಾಯಿ ಬೀಜ ಸಿಕ್ಕಿಸಿದೆ. ಎಲೆಗಿಂತ ಮೊದಲು ಬೇರು ಬರುತ್ತದೆ ಅನ್ನುವುದನ್ನು ನಾನು ಹೇಳಲಿಲ್ಲ, ಅವಳೇ ನೋಡಿ ಓಡಿಬಂದು ಹೇಳಿದಳು. ನೀವೂ ಹೀಗೇ ಮಾಡಿ. ಕಥೆ ಕ್ಯಾರೆಟ್ಟಿನದ್ದಿರಲಿ, ಬಿತ್ತುವುದು ಬೇಗ ಮೊಳೆಯುವ ಬೀಜವಾಗಲಿ.

ಇದರ ಜೊತೆಗೆ ಆರ್ನಾಲ್ಡ್ ಲೋಬೆಲ್ ಅವರ 'ಫ್ರಾಗ್ ಅಂಡ್ ಟೋಡ್ ಟುಗೆದರ್' (1972). ಅದರಲ್ಲಿ ಒಂದು ಕಪ್ಪೆ ಬೀಜ ಬಿತ್ತಿ, ಬೇಗ ಬೆಳೀರಿ ಅಂತ ಕೂಗುತ್ತದೆ. ಆಮೇಲೆ ಬೀಜ ಹೆದರಿರಬೇಕು ಅಂತ ಕಥೆ ಓದಿ, ಹಾಡು ಹೇಳಿ ಸಮಾಧಾನ ಮಾಡುತ್ತದೆ. ಎರಿಕ್ ಕಾರ್ಲ್ ಅವರ ಹಸಿದ ಹುಳುವಿನ ಪುಸ್ತಕ ಎಲ್ಲರೂ ಹೇಳುತ್ತಾರೆ, ಚೆನ್ನಾಗಿದೆ. ಒಂದು ಮಾತು ಮಾತ್ರ ಮಗುವಿಗೆ ಹೇಳಿ: ಅದರಲ್ಲಿ ಚಿಟ್ಟೆಯ ಹುಳು ಗೂಡು ಕಟ್ಟಿಕೊಳ್ಳುತ್ತದೆ. ನಿಜವಾಗಿ ರೇಷ್ಮೆಗೂಡಿನಂಥ ಗೂಡು ನೇಯುವುದು ಹೆಚ್ಚಾಗಿ ಪತಂಗದ ಹುಳುಗಳು.

ಇನ್ನು ನಿಮಗೆ. ಯಾವ ತಿಂಗಳಲ್ಲಿ ಏನು ಬಿತ್ತಬೇಕು ಅಂತ ಹೇಳುವ ಪುಸ್ತಕ ಕೊಳ್ಳುವ ಮುಂಚೆ ಅದು ಯಾವ ಹವಾಮಾನಕ್ಕೆ ಬರೆದದ್ದು ಅಂತ ನೋಡಿ. ಹಿಮ ಬೀಳುವ ಊರಿನ ಲೆಕ್ಕ ಬಿಸಿಲಿನ ಊರಿಗೆ ಆಗಿಬರುವುದಿಲ್ಲ.

ಕಾರೆಲ್ ಚಾಪೆಕ್ 1929ರಲ್ಲಿ ಬರೆದ 'ದಿ ಗಾರ್ಡನರ್ಸ್ ಇಯರ್' ಓದಿದರೆ ಹೂವಿಗಿಂತ ಮಣ್ಣು ಮುಖ್ಯ ಅನ್ನುವುದು ಮನಸ್ಸಿಗೆ ಇಳಿಯುತ್ತದೆ. ನಾನು ಕುಂಡದ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಲು ಕಲಿತದ್ದು ಅದನ್ನು ಓದಿದ ಮೇಲೇ. ರೇಚಲ್ ಕಾರ್ಸನ್ ಅವರ 'ದಿ ಸೆನ್ಸ್ ಆಫ್ ವಂಡರ್' ತುಂಬಾ ಚಿಕ್ಕದು, ಒಂದು ಸಂಜೆಗೆ ಮುಗಿಯುತ್ತದೆ. ಪುಟ್ಟ ಹುಡುಗನ ಜೊತೆ ಕಡಲ ದಂಡೆ, ಕಾಡು ಸುತ್ತಿದ್ದನ್ನು ಬರೆದಿದ್ದಾರೆ. ಮಗು ಕೇಳಿದ್ದಕ್ಕೆಲ್ಲ ಉತ್ತರ ಗೊತ್ತಿಲ್ಲವಲ್ಲ ಅನ್ನುವ ಅಳುಕು ನಿಮಗಿದ್ದರೆ ಇದನ್ನೇ ಮೊದಲು ಓದಿ.

ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುವಿನ ಮೇಲೆ ಒಂದು ಇಡೀ ಪುಸ್ತಕ ಬರೆದರು ಗೊತ್ತಾ? ಪೂರ್ತಿ ಓದಬೇಕಿಲ್ಲ, ಮೊದಲ ಅಧ್ಯಾಯ ಸಾಕು. ಎರೆಹುಳುಗಳ ಹತ್ತಿರ ಸೀಟಿ ಊದಿ, ಪಿಯಾನೋ ನುಡಿಸಿ ನೋಡುತ್ತಾರೆ. ಅವು ಕದಲುವುದಿಲ್ಲ. ಕುಂಡವನ್ನೇ ಪಿಯಾನೋ ಮೇಲಿಟ್ಟು ಒಂದು ಸ್ವರ ಒತ್ತಿದರೆ ತಟ್ಟನೆ ಬಿಲದೊಳಗೆ ಹೋಗುತ್ತವೆ. ಸದ್ದು ಕೇಳದಿದ್ದರೂ ನಡುಕ ಗೊತ್ತಾಗುತ್ತದೆ. ಇದನ್ನು ಮಗುವಿಗೆ ಕಥೆಯ ಹಾಗೆ ಹೇಳಿ. ಮಳೆ ನಿಂತ ಮೇಲೆ ಇಬ್ಬರೂ ಕುಂಡದ ಪಕ್ಕ ಕೂತು ಹುಳು ಬರುತ್ತದಾ ಅಂತ ನೋಡಿ.