ಊರಿನ ಹಳೆಯ ಸೇತುವೆಯ ವಯಸ್ಸು ಮತ್ತು ಅಜ್ಜಿಯ ನೆನಪು: ನಿಮ್ಮ ಮೂರು ಪ್ರಶ್ನೆಗಳಿಗೆ ಉತ್ತರ

ನಮಸ್ಕಾರ. ಯಾರ್ಕ್‌ಷೈರ್‌ನ ಗುಡ್ಡಗಾಡಿನ ಹಳ್ಳಿಯೊಂದಕ್ಕೆ ಹೊಸದಾಗಿ ಬಂದು ನೆಲೆಸಿರುವ ನೀವು ನಿನ್ನೆ ನಮ್ಮ ಗುಂಪಿನಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದ್ದೀರಿ. ಮನೆಯ ಹತ್ತಿರದ ಕಲ್ಲಿನ ಕಮಾನು ಸೇತುವೆಯನ್ನು ಕೆಲವರು ರೋಮನ್ನರದೆಂದೂ ಕೆಲವರು ಸೈತಾನ ಕಟ್ಟಿದ್ದೆಂದೂ ಹೇಳುತ್ತಿರುವಾಗ ಅದರ ನಿಜವಾದ ವಯಸ್ಸನ್ನು ತಿಳಿಯುವುದು ಹೇಗೆ, ಅದರ ತಡೆಗೋಡೆಯ ಕಲ್ಲಿನಲ್ಲಿ ಕೆತ್ತಿರುವ ಬಾಣದಂಥ ಗುರುತು ಏನು, ಪಕ್ಕದ ಮನೆಯ ಎಂಬತ್ತೆಂಟು ವರ್ಷದ ಅಜ್ಜಿ ಹೇಳುವ ಸಂಗತಿಗಳನ್ನು ಯಾವ ಕ್ರಮದಲ್ಲಿ ಬರೆದಿಟ್ಟುಕೊಳ್ಳಬೇಕು ಎಂಬುವು ಆ ಪ್ರಶ್ನೆಗಳು. ಇಪ್ಪತ್ತು ವರ್ಷಗಳಿಂದ ಈ ದೇಶದ ಸೇತುವೆಗಳನ್ನು ನಡೆದು ನೋಡುವುದೇ ನನ್ನ ಮುಖ್ಯ ಹವ್ಯಾಸವಾಗಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನೀವು ಕೊನೆಯಲ್ಲಿ ಕೇಳಿದ್ದನ್ನು ನಾನು ಮೊದಲಿಗೆ ತೆಗೆದುಕೊಳ್ಳುತ್ತೇನೆ. ಸೇತುವೆಯನ್ನು ಮುಂದಿನ ಬೇಸಿಗೆಯಲ್ಲಿಯೂ ನೋಡಬಹುದು, ದಾಖಲೆಗಳು ಕಚೇರಿಯ ಕಪಾಟಿನಲ್ಲಿ ಭದ್ರವಾಗಿವೆ. ಆದರೆ ಅಜ್ಜಿಯವರ ಮಾತನ್ನು ಈ ತಿಂಗಳಲ್ಲಿಯೇ ಕೇಳಿಬಿಡಿ. ಅವರ ಬಳಿ ಸೇತುವೆಯ ವಯಸ್ಸನ್ನು ಮಾತ್ರ ಕೇಳಬೇಡಿ. ಆ ಪ್ರಶ್ನೆ ಬಂದ ಕೂಡಲೇ ಹಿರಿಯರು ತಾವು ಕಂಡದ್ದನ್ನು ಬಿಟ್ಟು, ಊರಿನ ಕರಪತ್ರದಲ್ಲಿಯೋ ಶಾಲೆಯಲ್ಲಿಯೋ ಕೇಳಿದ್ದನ್ನು ಒಪ್ಪಿಸತೊಡಗುತ್ತಾರೆ. ಅದಕ್ಕೆ ಬದಲಾಗಿ ಅವರು ಶಾಲೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದರು, ಸೇತುವೆಯ ಯಾವ ಬದಿಯಲ್ಲಿ ನಡೆಯಬೇಕೆಂದು ಮನೆಯವರು ಹೇಳುತ್ತಿದ್ದರು, ದನ ಮತ್ತು ಕುರಿಗಳನ್ನು ಸೇತುವೆಯ ಮೇಲೆ ಹೊಡೆಯುತ್ತಿದ್ದರೋ ಹೊಳೆಯಲ್ಲಿಯೇ ಇಳಿಸುತ್ತಿದ್ದರೋ, ನೀರು ಏರಿದಾಗ ಆಚೆ ದಡದವರು ಹಾಲನ್ನು ಹೇಗೆ ಸಾಗಿಸುತ್ತಿದ್ದರು ಎಂದು ಕೇಳಿ. ಅವರ ವಯಸ್ಸಿನ ಲೆಕ್ಕದಲ್ಲಿ 1947ರ ಭಾರಿ ಹಿಮದ ಚಳಿಗಾಲ ಮತ್ತು ಆ ಮಾರ್ಚ್‌ನಲ್ಲಿ ಹಿಮ ಕರಗಿ ಬಂದ ಪ್ರವಾಹ ಅವರ ಹತ್ತನೆಯ ವರ್ಷದ ಆಸುಪಾಸಿಗೆ ಬರುತ್ತದೆ. ಅಂಥ ವರ್ಷವನ್ನು ಹೆಸರಿಸಿ ಕೇಳಿದರೆ ಮಾತು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಲೂನ್ ನದಿಯ ಸೀಮೆಯಲ್ಲಿ ಒಬ್ಬ ನಿವೃತ್ತ ರೈತರ ಅಡುಗೆಮನೆಯಲ್ಲಿ ನಾನು ಇದನ್ನು ಕಲಿತೆ. ಮುಕ್ಕಾಲು ಗಂಟೆ ಸೇತುವೆಯ ಇಸವಿಯನ್ನೇ ಹಿಡಿದು ಕೇಳಿದ ನನಗೆ ಅವರು ಸೌಜನ್ಯದಿಂದ ಏನೇನೋ ಅಂದಾಜು ಹೇಳಿದರು. ಹೊರಡುವಾಗ ನಾನು ಸುಮ್ಮನೆ, ನೀರು ಈ ಮನೆಯೊಳಗೆ ಎಂದಾದರೂ ಬಂದಿತ್ತೇ ಎಂದೆ. ಅವರು ಎದ್ದು ಹಿಂಬಾಗಿಲಿನ ಚೌಕಟ್ಟಿನ ಬಳಿ ಹೋಗಿ, ಬಣ್ಣದ ಪದರದಡಿಯಲ್ಲಿ ಚಾಕುವಿನಿಂದ ಕೊರೆದಿದ್ದ ಮೂರು ಗೆರೆಗಳ ಮೇಲೆ ಹೆಬ್ಬೆರಳನ್ನು ಒಂದೊಂದಾಗಿ ಇಟ್ಟು ತೋರಿಸಿದರು. ಕೆಳಗಿನದು ಅವರ ಅಜ್ಜನ ಕಾಲದ್ದು, ಮೇಲಿನದು ಅವರ ಮಗಳ ಮದುವೆಯ ವರ್ಷದ್ದು. ಹೊಳೆಯ ನೀರು ಸೇತುವೆಯ ಕಮಾನಿನ ನೆತ್ತಿಗೆ ಮುಟ್ಟಿದ ದಿನ ಈ ಬಾಗಿಲಲ್ಲಿ ಎಷ್ಟಿತ್ತು ಎಂಬುದನ್ನು ಯಾವ ದಾಖಲೆಯ ಕಟ್ಟಿನಲ್ಲಿಯೂ ಕಾಣುವುದು ಸಾಧ್ಯವಿಲ್ಲ. ಅಂದಿನಿಂದ ನಾನು ಎರಡು ಪುಸ್ತಕಗಳನ್ನು ಇಟ್ಟುಕೊಂಡಿದ್ದೇನೆ: ಒಂದರಲ್ಲಿ ಕಲ್ಲು ಮತ್ತು ಕಾಗದ ಹೇಳುವುದು, ಇನ್ನೊಂದರಲ್ಲಿ ಜನ ಹೇಳುವುದು. ಎರಡನ್ನೂ ಬೆರೆಸದಿರುವುದು ಈ ಹವ್ಯಾಸದಲ್ಲಿ ಅತ್ಯಂತ ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಜ್ಜಿಯವರ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ, ಅವರದೇ ಪದಗಳನ್ನು ತಿದ್ದದೆ ಬರೆಯಿರಿ, ದಿನಾಂಕ ಹಾಕಿ, ಒಂದು ಪ್ರತಿಯನ್ನು ಅವರಿಗೇ ಕೊಡಿ.

ಸೈತಾನನ ಕಥೆಯನ್ನೂ ಎರಡನೆಯ ಪುಸ್ತಕದಲ್ಲಿ ಪೂರ್ತಿಯಾಗಿ ಬರೆದುಕೊಳ್ಳಿ, ಆದರೆ ಅದನ್ನು ನಿಮ್ಮೂರಿನದೇ ಎಂದು ನಂಬಬೇಡಿ. ಕಂಬ್ರಿಯಾದ ಕರ್ಬಿ ಲಾನ್ಸ್‌ಡೇಲ್‌ನಲ್ಲಿರುವ ಡೆವಿಲ್ಸ್ ಬ್ರಿಜ್‌ಗೆ ಹೀಗೊಂದು ಕಥೆಯಿದೆ: ಮುದುಕಿಯೊಬ್ಬಳ ಹಸು ಆಚೆ ದಡಕ್ಕೆ ಹೋಗಿರುವಾಗ ಹೊಳೆ ಏರಿತು, ಮೊದಲು ದಾಟುವ ಜೀವವನ್ನು ತನಗೆ ಕೊಡುವುದಾದರೆ ರಾತ್ರೋರಾತ್ರಿ ಸೇತುವೆ ಕಟ್ಟಿಕೊಡುವುದಾಗಿ ಸೈತಾನ ಹೇಳಿದ, ಬೆಳಿಗ್ಗೆ ಮುದುಕಿ ರೊಟ್ಟಿಯ ತುಂಡನ್ನು ಸೇತುವೆಯ ಮೇಲೆ ಎಸೆದಳು, ಅವಳ ನಾಯಿ ಅದರ ಹಿಂದೆ ಓಡಿತು, ಸೈತಾನನಿಗೆ ಸಿಕ್ಕಿದ್ದು ನಾಯಿ ಮಾತ್ರ. ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರದಲ್ಲಿ, ವೇಲ್ಸ್‌ನ ಕೆರೆಡಿಗಿಯನ್‌ನ ಡೆವಿಲ್ಸ್ ಬ್ರಿಜ್‌ನಲ್ಲಿಯೂ ಇದೇ ಮುದುಕಿ, ಇದೇ ರೊಟ್ಟಿ, ಇದೇ ನಾಯಿ ಇದ್ದಾರೆ. ಅಲ್ಲಿ ಕಂದರದ ಮೇಲೆ ಮಧ್ಯಯುಗದ ಸೇತುವೆ, ಅದರ ನೆತ್ತಿಯ ಮೇಲೆ 1753ರ ಕಲ್ಲಿನ ಸೇತುವೆ, ಅದಕ್ಕೂ ಮೇಲೆ 1901ರ ಕಬ್ಬಿಣದ ಸೇತುವೆ ಹೀಗೆ ಮೂರು ಒಂದರ ಮೇಲೊಂದು ನಿಂತಿವೆ. ಕಥೆ ಊರಿಂದೂರಿಗೆ ನಡೆದು ಬಂದಿದ್ದರೂ, ಯಾವ ಊರು ಅದನ್ನು ಉಳಿಸಿಕೊಂಡಿದೆಯೋ ಆ ಊರಿನವರು ತಮ್ಮ ಹೊಳೆಗೆ ಎಷ್ಟು ಹೆದರುತ್ತಿದ್ದರು ಎಂಬುದು ಅದರಿಂದ ತಿಳಿಯುತ್ತದೆ. ನಿಮ್ಮೂರಿನ ಕಥೆಯಲ್ಲಿ ದಾಟಿದ್ದು ನಾಯಿಯೋ ಬೆಕ್ಕೋ ಕೋಳಿಯೋ ಎಂಬುದನ್ನು ಕೇಳಿ ಬರೆದುಕೊಳ್ಳಿ.

ರೋಮನ್ ಸೇತುವೆ ಎಂಬ ಮಾತಿಗೆ ಬಂದರೆ, ಬ್ರಿಟನ್‌ನಲ್ಲಿ ಇಂದು ಪೂರ್ಣವಾಗಿ ನಿಂತಿರುವ ರೋಮನ್ ಕಮಾನು ಸೇತುವೆ ಒಂದೂ ಇಲ್ಲ. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಉದ್ದಕ್ಕೆ ಚೆಸ್ಟರ್ಸ್‌ನಲ್ಲಿಯೂ ವಿಲೋಫರ್ಡ್‌ನಲ್ಲಿಯೂ ಉಳಿದಿರುವುದು ದಡದ ಬುಡಗಟ್ಟು ಮಾತ್ರ. ವಿಲೋಫರ್ಡ್‌ನಲ್ಲಿ ಹೊಳೆಯೇ ಪಶ್ಚಿಮಕ್ಕೆ ಸರಿದುಹೋಗಿ ಆ ಕಲ್ಲುಗಳು ಒಣನೆಲದಲ್ಲಿ ನಿಂತಿವೆ. ಜನ ರೋಮನ್ ಎಂದು ಕರೆಯುವ ಕಿರಿದಾದ, ಗೂನುಬೆನ್ನಿನ ಸೇತುವೆಗಳು ಸಾಮಾನ್ಯವಾಗಿ ಹದಿನೇಳು ಹದಿನೆಂಟನೆಯ ಶತಮಾನದ ಹೇರುಕುದುರೆಯ ಸೇತುವೆಗಳು. ಉಣ್ಣೆ, ಉಪ್ಪು, ಸುಣ್ಣಗಳನ್ನು ಎರಡು ಬದಿಗೆ ಹೇರಿಕೊಂಡ ಕುದುರೆಗಳು ಸಾಲಾಗಿ ಹೋಗುತ್ತಿದ್ದುದರಿಂದ, ಹೇರು ತಾಗದಿರಲೆಂದು ಅವುಗಳಿಗೆ ತಡೆಗೋಡೆಯನ್ನು ಮೊಣಕಾಲೆತ್ತರಕ್ಕೆ ಕಟ್ಟುತ್ತಿದ್ದರು ಅಥವಾ ಕಟ್ಟುತ್ತಲೇ ಇರಲಿಲ್ಲ. ನೀವು ಗುಂಪಿನಲ್ಲಿ ಹಾಕಿದ್ದ ಚಿತ್ರದಲ್ಲಿ ತಡೆಗೋಡೆಯ ಕಲ್ಲಿನ ಬಣ್ಣ ಕಮಾನಿನ ಕಲ್ಲಿಗಿಂತ ಬೇರೆಯಾಗಿ ಕಾಣುತ್ತಿರುವುದರಿಂದ, ಗೋಡೆಯನ್ನು ಆಮೇಲೆ ಸೇರಿಸಿರಬಹುದೆಂದು ನನ್ನ ಊಹೆ.

ಈಗ ಕಲ್ಲಿನ ವಿಚಾರ. ಸೇತುವೆಯನ್ನು ಮೇಲಿನಿಂದ ನೋಡಿ ವಯಸ್ಸು ಹೇಳಲು ಆಗುವುದಿಲ್ಲ, ಕೆಳಗಿನಿಂದ ನೋಡಬೇಕು. ಕೆಲವು ದಿನ ಮಳೆ ಬಾರದೆ ನೀರು ಇಳಿದಿರುವಾಗ, ಜಮೀನಿನ ಒಡೆಯರನ್ನು ಕೇಳಿ ದಡಕ್ಕಿಳಿದು, ಕಮಾನಿನ ಒಳಮೈಯನ್ನು ಟಾರ್ಚಿನ ಬೆಳಕಿನಲ್ಲಿ ನೋಡಿ. ಒಂದು ದಡದಿಂದ ಇನ್ನೊಂದಕ್ಕೆ ಪಕ್ಕೆಲುಬಿನಂತೆ ಬಾಗಿದ ಕಲ್ಲಿನ ಪಟ್ಟಿಗಳಿದ್ದು ಅವುಗಳ ಮೇಲೆ ಚಪ್ಪಡಿ ಹಾಸಿದ್ದರೆ ಅದು ಬಹುಮಟ್ಟಿಗೆ ಮಧ್ಯಯುಗದ ಕೆಲಸ. ಕಲ್ಲೂ, ಕಟ್ಟುವಾಗ ಕಮಾನಿಗೆ ಕೆಳಗಿನಿಂದ ಆಧಾರ ಕೊಡುವ ಸೆಂಟ್ರಿಂಗಿನ ಮರವೂ ಉಳಿತಾಯವಾಗುತ್ತದೆಂದು ಆ ಕಾಲದ ಕಟ್ಟುವವರು ಹಾಗೆ ಮಾಡುತ್ತಿದ್ದರು. ಕರ್ಬಿ ಲಾನ್ಸ್‌ಡೇಲ್‌ನ ಮೂರು ಕಮಾನುಗಳಲ್ಲಿ ಈ ಪಕ್ಕೆಲುಬುಗಳು ಬಹಳ ಚೆನ್ನಾಗಿ ಕಾಣುತ್ತವೆ; 1932ರಲ್ಲಿ ಪಕ್ಕದಲ್ಲಿ ಹೊಸ ಸೇತುವೆ ಬಂದ ಮೇಲೆ ವಾಹನಗಳ ಕಾಟವೂ ಇಲ್ಲ, ನಿಮ್ಮ ಊರಿನಿಂದ ಒಂದು ಭಾನುವಾರ ಹೋಗಿ ಬರಬಹುದು. ಒಳಮೈ ನುಣುಪಾಗಿ ಒಂದೇ ಸಮನೆ ಇದ್ದರೆ ಅದು ಹೆಚ್ಚಾಗಿ ಆಮೇಲಿನದು. ಅರ್ಧ ಭಾಗದಲ್ಲಿ ಪಕ್ಕೆಲುಬಿದ್ದು ಇನ್ನರ್ಧ ನುಣುಪಾಗಿದ್ದರೆ ಸೇತುವೆಯನ್ನು ಅಗಲ ಮಾಡಿದ್ದಾರೆಂದು ಅರ್ಥ, ಎರಡರ ನಡುವೆ ಸಾಮಾನ್ಯವಾಗಿ ನೇರವಾದ ಸಂದು ಕಾಣುತ್ತದೆ. ಒಮ್ಮೆ ಅಂಥ ಸಂದಿನ ಕೆಳಗೆ ನಿಂತು ನೋಡುತ್ತಿದ್ದಾಗ, ಹಳೆಯ ಭಾಗದ ಒಂದೊಂದು ಕಲ್ಲಿನ ಮೇಲೂ ಉಳಿಯ ಓರೆಗೆರೆಗಳು ಬೇರೆ ಬೇರೆ ದಿಕ್ಕಿಗಿರುವುದನ್ನೂ ಹೊಸ ಭಾಗದಲ್ಲಿ ಎಲ್ಲವೂ ಒಂದೇ ದಿಕ್ಕಿಗಿರುವುದನ್ನೂ ಕಂಡು, ಎರಡು ಕಾಲದ ಕಲ್ಲುಕುಟಿಗರ ಕೈಗಳನ್ನು ಅಕ್ಕಪಕ್ಕದಲ್ಲಿ ನೋಡಿದ ಹಾಗಾಯಿತು.

ಆದ್ದರಿಂದ ಒಂದು ಸೇತುವೆಗೆ ಒಂದೇ ವಯಸ್ಸು ಎಂದು ಭಾವಿಸಬೇಡಿ. ನೈಋತ್ಯ ಇಂಗ್ಲೆಂಡಿನ ಎಕ್ಸ್‌ಮೂರ್‌ನಲ್ಲಿ ಬಾರ್ಲ್ ಹೊಳೆಗೆ ಅಡ್ಡಲಾಗಿರುವ ಟಾರ್ ಸ್ಟೆಪ್ಸ್ ಎಂಬ ಹದಿನೇಳು ಅಂಕಣದ ಚಪ್ಪಡಿ ಸೇತುವೆಯ ಕಲ್ಲುಗಳನ್ನು ಪ್ರವಾಹ ಮತ್ತೆ ಮತ್ತೆ ಕೊಚ್ಚಿಕೊಂಡು ಹೋಗುತ್ತದೆ. ಕಲ್ಲುಗಳಿಗೆ ಸಂಖ್ಯೆ ಕೊಟ್ಟಿರುವುದರಿಂದ ಹುಡುಕಿ ತಂದು ಅವವುಗಳ ಜಾಗದಲ್ಲಿಯೇ ಇಡುತ್ತಾರೆ. ನಮ್ಮ ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಮುಗಿಸಿದ ವೆಲ್ಲೆಸ್ಲಿ ಸೇತುವೆಯನ್ನು ಕಂಡವರಿಗೆ ಈ ಕಟ್ಟಡ ಅಪರಿಚಿತವೆನಿಸದು, ಏಕೆಂದರೆ ಅಲ್ಲಿಯೂ ಕಮಾನಿಲ್ಲದೆ ಕಲ್ಲಿನ ಕಂಬದ ಮೇಲೆ ಕಲ್ಲನ್ನೇ ಹಾಸಿ ಕಾವೇರಿಯನ್ನು ದಾಟಿದ್ದಾರೆ. ವೇಲ್ಸ್‌ನ ಪಾಂಟಿಪ್ರಿದ್ ಇನ್ನೊಂದು ಉದಾಹರಣೆ. ಪಾದ್ರಿಯೂ ಕಲ್ಲಿನ ಕೆಲಸದವರೂ ಆಗಿದ್ದ ವಿಲಿಯಂ ಎಡ್ವರ್ಡ್ಸ್ 1746ರಲ್ಲಿ ಅಲ್ಲಿನ ಗುತ್ತಿಗೆ ಹಿಡಿದರು. ಮೊದಲ ಸೇತುವೆಯನ್ನು ಪ್ರವಾಹ ಒಯ್ದಿತು, ಆಮೇಲೆ ಎತ್ತಿದ ಒಂಟಿ ಕಮಾನು ಎರಡು ಹೆಗಲುಗಳ ಭಾರಕ್ಕೆ ನೆತ್ತಿ ಮೇಲಕ್ಕೆ ಚಿಮ್ಮಿ ಕುಸಿಯಿತು. ಕೊನೆಗೆ ಅವರು ಎರಡು ಹೆಗಲಿನಲ್ಲಿಯೂ ಮೂರು ಮೂರು ದುಂಡು ಕಿಂಡಿಗಳನ್ನು ಬಿಟ್ಟು ಭಾರ ಇಳಿಸಿದರು, 1756ರಲ್ಲಿ ನಿಂತ ಆ 140 ಅಡಿಯ ಕಮಾನು ಇಂದಿಗೂ ಇದೆ. ಅದು ಬಂಡಿಗಳಿಗೆ ತೀರಾ ಕಡಿದಾಗಿದ್ದರಿಂದ 1857ರಲ್ಲಿ ಪಕ್ಕದಲ್ಲಿಯೇ ಇನ್ನೊಂದನ್ನು ಕಟ್ಟಬೇಕಾಯಿತು.

ನಿಮ್ಮ ತಡೆಗೋಡೆಯ ಮೇಲಿನ ಗುರುತು ಅಡ್ಡಗೆರೆಯೊಂದರ ಕೆಳಗೆ ಮೂರು ಗೆರೆ ಕೂಡಿದ ಬಾಣದಂತಿದ್ದರೆ, ಅದು ಕಲ್ಲುಕುಟಿಗರದಲ್ಲ, ಆರ್ಡನನ್ಸ್ ಸರ್ವೆ ಎಂಬ ಇಲ್ಲಿನ ಭೂಮಾಪನ ಸಂಸ್ಥೆಯವರು ಎತ್ತರ ಅಳೆಯಲು ಕೆತ್ತಿದ ಬೆಂಚ್‌ಮಾರ್ಕ್. ಕಲ್ಲುಕುಟಿಗರ ಗುರುತುಗಳು ಇನ್ನೂ ಚಿಕ್ಕವು, ತ್ರಿಕೋನ, ಶಿಲುಬೆ, ನಕ್ಷತ್ರದಂಥ ಸರಳ ಆಕಾರದವು, ಮತ್ತು ಒಂದೇ ಗುರುತು ಹಲವು ಕಲ್ಲುಗಳಲ್ಲಿ ಮರುಕಳಿಸುತ್ತದೆ. ಯಾರು ಎಷ್ಟು ಕಲ್ಲು ಕಡಿದರು ಎಂಬ ಕೂಲಿ ಲೆಕ್ಕಕ್ಕೆ ಅವು ಬೇಕಾಗಿದ್ದವು. ಇವನ್ನು ಕಾಗದ ಇಟ್ಟು ಉಜ್ಜದೆ, ಬೆಳಕನ್ನು ಪಕ್ಕದಿಂದ ಬಿಟ್ಟು ಚಿತ್ರ ತೆಗೆಯಿರಿ. ಪಾಚಿಯನ್ನು ಕೆರೆದು ತೆಗೆಯಬೇಡಿ, ಅದರೊಂದಿಗೆ ಕಲ್ಲಿನ ಮೇಲ್ಮೈಯೂ ಏಳುತ್ತದೆ.

ಕಾಗದದ ದಾರಿ ನೀವು ಅಂದುಕೊಂಡಿರುವುದಕ್ಕಿಂತ ಸುಲಭ. ಸ್ಕಾಟ್ಲೆಂಡ್‌ನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮೈಲಿಗೆ ಆರು ಇಂಚು ಹಾಗೂ ಇಪ್ಪತ್ತೈದು ಇಂಚಿನ ಅಳತೆಯ ಹಳೆಯ ಸರ್ವೆ ನಕ್ಷೆಗಳನ್ನು ಹಣ ಕೊಡದೆ ನೋಡಬಹುದು. ಸೇತುವೆಯ ಪಕ್ಕದಲ್ಲಿ ಹಾಯ್ಗಡವನ್ನು ಗುರುತಿಸಿದ್ದರೆ, ಸೇತುವೆ ಬಂದ ಮೇಲೂ ಬಂಡಿಗಳು ನೀರಿನಲ್ಲಿಯೇ ಇಳಿಯುತ್ತಿದ್ದವೆಂದು ತಿಳಿಯಬಹುದು. ಹಿಸ್ಟಾರಿಕ್ ಇಂಗ್ಲೆಂಡ್‌ನವರ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ನಿಮ್ಮ ಸೇತುವೆ ಇದೆಯೇ ಎಂದು ಹುಡುಕಿ. ಅಲ್ಲಿನ ಕಾಲನಿರ್ಣಯ ಹಲವೊಮ್ಮೆ ಕಣ್ಣಂದಾಜಿನದೇ ಆಗಿರುವುದರಿಂದ ಅದನ್ನು ಕೊನೆಯ ಮಾತೆಂದು ತಿಳಿಯಬೇಡಿ. ನಿಜವಾದ ನಿಧಿ ಇರುವುದು ಕ್ವಾರ್ಟರ್ ಸೆಷನ್ಸ್ ಎಂಬ ತ್ರೈಮಾಸಿಕ ನ್ಯಾಯಸಭೆಯ ಕಡತಗಳಲ್ಲಿ. 1530ರ ಸೇತುವೆ ಕಾಯಿದೆಯ ಪ್ರಕಾರ, ಬೇರೆ ಯಾರೂ ಹೊಣೆಯಿಲ್ಲದ ಸೇತುವೆಯನ್ನೂ ಅದರ ಎರಡು ತುದಿಗಳ ಮುನ್ನೂರು ಅಡಿ ರಸ್ತೆಯನ್ನೂ ಕೌಂಟಿಯವರೇ ದುರಸ್ತಿ ಮಾಡಬೇಕಿತ್ತು. ಆ ಸೇತುವೆ ಕೆಟ್ಟಿದೆ, ಇಷ್ಟು ಹಣ ಬೇಕು, ಇಂಥ ಕೆಲಸಗಾರನಿಗೆ ಕೊಟ್ಟಿದೆ ಎಂಬ ದೂರು ಮತ್ತು ಆದೇಶಗಳು ನ್ಯಾಯಸಭೆಯ ಮುಂದೆ ಬರುತ್ತಿದ್ದವು. ಯಾರ್ಕ್‌ಷೈರ್‌ನಲ್ಲಿ ಈ ವ್ಯವಹಾರ ರೈಡಿಂಗ್ ಎಂಬ ಹಳೆಯ ಆಡಳಿತ ವಿಭಾಗಗಳಾಗಿ ಹಂಚಿಹೋಗಿತ್ತು, ಆದುದರಿಂದ ನಿಮ್ಮ ಹಳ್ಳಿ ಹಿಂದೆ ವೆಸ್ಟ್ ರೈಡಿಂಗ್‌ನಲ್ಲಿದ್ದರೆ ವೇಕ್‌ಫೀಲ್ಡ್‌ನ ದಾಖಲೆ ಕಚೇರಿಗೂ, ನಾರ್ತ್ ರೈಡಿಂಗ್‌ನಲ್ಲಿದ್ದರೆ ನಾರ್ತಲರ್ಟನ್‌ನದಕ್ಕೂ ಬರೆಯಿರಿ. ಸೇತುವೆಗೆ ಕಾನೂನಿನಲ್ಲಿ ಎಷ್ಟು ಬೆಲೆಯಿತ್ತೆಂಬುದಕ್ಕೆ ಡಾರ್ಸೆಟ್‌ಗೆ ಹೋದರೆ ಸಾಕ್ಷಿ ಸಿಗುತ್ತದೆ: ಅಲ್ಲಿನ ಹಲವು ಸೇತುವೆಗಳ ಮೇಲಿರುವ ಎರಕದ ಕಬ್ಬಿಣದ ಫಲಕಗಳು, ಸೇತುವೆಗೆ ಬೇಕೆಂದೇ ಹಾನಿ ಮಾಡಿದವರಿಗೆ ಜೀವಾವಧಿ ಗಡೀಪಾರು, ಅಂದರೆ ನಮ್ಮವರು ಹೇಳುವ ಕರಿನೀರಿನಂಥ ಶಿಕ್ಷೆ, ಎಂದು ಇಂದಿಗೂ ಎಚ್ಚರಿಸುತ್ತಿವೆ.

ನಿಮಗೆ ಹತ್ತಿರದ ಇನ್ನೊಂದು ನೆನಪಿನ ಗಣಿ ಟ್ಯಾಡ್‌ಕ್ಯಾಸ್ಟರ್. 2015ರ ಡಿಸೆಂಬರ್ 29ರಂದು ವಾರ್ಫ್ ನದಿಯ ಪ್ರವಾಹದಲ್ಲಿ ಅಲ್ಲಿನ ಹಳೆಯ ಸೇತುವೆಯ ಒಂದು ಭಾಗ ಕುಸಿದು ಊರು ಎರಡು ಹೋಳಾಯಿತು, 2017ರ ಫೆಬ್ರವರಿಯವರೆಗೆ ರಸ್ತೆ ತೆರೆಯಲಿಲ್ಲ. ಆ ದಿನಗಳಲ್ಲಿ ಆಚೆ ದಡದ ಅಂಗಡಿಗೂ ಶಾಲೆಗೂ ಹೇಗೆ ಹೋದೆವೆಂದು ಹೇಳಬಲ್ಲವರು ಈಗ ಮೂವತ್ತು ನಲವತ್ತರ ವಯಸ್ಸಿನವರು. ಹಳೆಯ ಸೇತುವೆಯ ನೆನಪು ಮುದುಕರ ಬಳಿ ಮಾತ್ರ ಇರುತ್ತದೆಂದು ತಿಳಿದು ನಾವು ಇಂಥವರನ್ನು ಕೇಳುವುದೇ ಇಲ್ಲ.

ಕೊನೆಯದಾಗಿ ಒಂದು ವಿನಂತಿ. ನೀರು ಮೊಣಕಾಲಿಗಿಂತ ಮೇಲಿದ್ದರೆ ಕಮಾನಿನಡಿಗೆ ಹೋಗಬೇಡಿ, ಒಬ್ಬರೇ ಅಂತೂ ಇಳಿಯಲೇಬೇಡಿ. ಗುಡ್ಡದ ಮೇಲೆ ಬಿದ್ದ ಮಳೆ ಇಲ್ಲಿ ಬಹಳ ಬೇಗ ಹೊಳೆಗೆ ಬರುತ್ತದೆ. ಇಳಿದಾಗ ನಾಲ್ಕು ಚಿತ್ರ ತೆಗೆದು ಗುಂಪಿಗೆ ಹಾಕಿ: ನೀರು ಬರುವ ಕಡೆಯಿಂದ ಇಡೀ ಸೇತುವೆ, ನೀರು ಹೋಗುವ ಕಡೆಯಿಂದ ಇಡೀ ಸೇತುವೆ, ಕಮಾನಿನ ಒಳಮೈ, ಮತ್ತು ಪಕ್ಕದಲ್ಲೊಂದು ನಾಣ್ಯ ಇಟ್ಟು ಆ ಬಾಣದ ಗುರುತು. ನಕ್ಷೆಯಲ್ಲಿ ಸೇತುವೆಯ ಬಳಿ ಬಿ.ಎಂ. ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ಇದ್ದರೆ ಅದನ್ನೂ ಬರೆದು ಹಾಕಿ. ಆ ಬಾಣವನ್ನು ಸಮುದ್ರಮಟ್ಟದಿಂದ ಎಷ್ಟು ಅಡಿ ಎತ್ತರದಲ್ಲಿ ಕೆತ್ತಿದ್ದರೆಂಬುದು ಅದೇ ಸಂಖ್ಯೆ.